ಇಂದಿನ ಧಮ್ಮ ಚಿಂತನೆ: ಯಂತ್ರಕ್ಕೆ ಯಾವುದು ನೆನಪಿರಬೇಕು?

 

ಮೊಬೈಲಿನಲ್ಲಿ ನಮ್ಮ ಮಕ್ಕಳು ಮಾತಾಡಿಸುವ ಎಐಗೆ ಮೊದಲು ನೆನಪೇ ಇರಲಿಲ್ಲ. ಹೊಸ ಚಾಟ್ ತೆರೆದರೆ ನಾವು ಯಾರೆಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. 2024ರಿಂದ ಈಚೆಗೆ ದೊಡ್ಡ ಕಂಪನಿಗಳು ಅದಕ್ಕೆ ದೀರ್ಘಕಾಲದ ನೆನಪನ್ನು ಕಟ್ಟಿಕೊಡುತ್ತಿವೆ. ನಮ್ಮ ಮಾತಿನಲ್ಲಿ ಮುಖ್ಯವೆನಿಸಿದ್ದನ್ನು ಚಿಕ್ಕದಾಗಿ ಬರೆದು ಬೇರೆ ಕಡೆ ಇಡುತ್ತದೆ. ಮುಂದೆ ಏನಾದರೂ ಕೇಳಿದಾಗ ಅದಕ್ಕೆ ಹತ್ತಿರದ ಅರ್ಥವಿರುವ ಸಾಲುಗಳನ್ನು ಹುಡುಕಿ ತೆಗೆದು, ಮುಂದಿಟ್ಟುಕೊಂಡು ಉತ್ತರ ಕೊಡುತ್ತದೆ. ಕಿರಾಣಿ ಅಂಗಡಿಯ ಉದ್ರಿ ವಹಿ ಇದ್ದ ಹಾಗೆ. ವಹಿಯಲ್ಲಿ ಏನು ಬರೆಯಬೇಕೆಂಬುದು ಅಂಗಡಿಯವನ ಕೈಯಲ್ಲಿರುತ್ತದೆ, ಉದ್ರಿ ಒಯ್ದವನ ಕೈಯಲ್ಲಲ್ಲ.

ನನ್ನ ಅಣ್ಣನ ಮಗಳು ಅಥಣಿಯಲ್ಲಿ ಓದುತ್ತಾಳೆ. ಸ್ಕಾಲರ್‌ಶಿಪ್ ಅರ್ಜಿಗೆ ಯಾವ ಕಾಗದ ಬೇಕೆಂದು ಇಂಥ ಒಂದು ಆ್ಯಪ್‌ನಲ್ಲಿ ಕೇಳಿದ್ದಳು. ಜಾತಿ ಪ್ರಮಾಣಪತ್ರದ ಮಾತು ಬಂದಿತ್ತು. ತಿಂಗಳಾದ ಮೇಲೆ ಬಾಡಿಗೆ ಕೋಣೆ ಹುಡುಕುವುದು ಹೇಗೆ ಎಂದು ಕೇಳಿದರೆ, ಅದು ಹಳೆಯ ಸಾಲನ್ನು ತೆಗೆದು, ನಿಮ್ಮ ಸಮುದಾಯದವರು ಹೆಚ್ಚಿರುವ ಓಣಿಯಲ್ಲಿ ನೋಡಿ ಎಂದಿತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಯಂತ್ರಕ್ಕೆ ಮನಸ್ಸೆಲ್ಲಿಂದ ಬಂತು? ಊರ ಗೌಡರೂ ಹೀಗೇ ಹೇಳುತ್ತಿದ್ದರು, ಬಹಳ ಕಾಳಜಿಯ ದನಿಯಲ್ಲಿ.

ಹಾಗಾದರೆ ಯಂತ್ರ ಎಲ್ಲವನ್ನೂ ಮರೆತುಬಿಡಲಿ ಎನ್ನೋಣವೇ? ಅದೂ ಅಷ್ಟು ಸರಳವಲ್ಲ. ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಕೇಂದ್ರದ ಪರಿಶಿಷ್ಟ ಜಾತಿ ಪಟ್ಟಿಯ ಸೌಲಭ್ಯಕ್ಕೆ ಬೌದ್ಧರು ಅರ್ಹರಾದದ್ದು 1990ರಲ್ಲಿ. ಆ 34 ವರ್ಷ ಸರ್ಕಾರದ ವಹಿ ನಮ್ಮನ್ನು ಮರೆತಿತ್ತು. ಊರಿನ ವಹಿ ಒಂದು ದಿನವೂ ಮರೆಯಲಿಲ್ಲ.

ಇಲ್ಲಿ ನನಗೆ ಭಂತೆ ಉಪಾಲಿ ನೆನಪಾಗುತ್ತಾರೆ. ಅವರು ಶಾಕ್ಯರ ಕ್ಷೌರಿಕರಾಗಿದ್ದವರು. ಶಾಕ್ಯ ರಾಜಕುಮಾರರು ಅವರಿಗೇ ಮೊದಲು ದೀಕ್ಷೆ ಕೊಡಿರೆಂದು ಬುದ್ಧರನ್ನು ಕೇಳಿಕೊಂಡರು, ತಮ್ಮ ಕುಲದ ಅಹಂಕಾರ ಇಳಿಯಲೆಂದು. ಬುದ್ಧರ ಪರಿನಿಬ್ಬಾಣದ ನಂತರ ರಾಜಗೃಹದ ಮೊದಲ ಸಂಗೀತಿಯಲ್ಲಿ ಧಮ್ಮವನ್ನು ಆನಂದರು ಹೇಳಿದರು, ವಿನಯವನ್ನು ಹೇಳಿದ್ದು ಇದೇ ಉಪಾಲಿ. ಇಡೀ ಸಂಘದ ನಿಯಮಗಳ ನೆನಪು ಒಬ್ಬ ಕ್ಷೌರಿಕರ ಬಾಯಲ್ಲಿತ್ತು! ಸಂಘದಲ್ಲಿ ಅವರ ಜಾತಿ ಲೆಕ್ಕಕ್ಕೆ ಬರಲಿಲ್ಲ. ಆದರೂ ಅವರು ಎಲ್ಲಿಂದ ಬಂದವರೆಂಬುದು ಇಂದಿಗೂ ನಮಗೆ ಗೊತ್ತು. ಅದೇ ಸಂಗತಿ ಪಂಕ್ತಿಯಲ್ಲಿ ಜಾಗ ತೋರಿಸಲು ಬಳಕೆಯಾದರೆ ಸಂಕೋಲೆ, ತನ್ನವರು ಹೆಮ್ಮೆಯಿಂದ ಹೇಳಿದರೆ ಇತಿಹಾಸ. ಮತ್ತೆ, ಆ ಸಭೆಯಲ್ಲಿ ಹೇಳಿದ್ದನ್ನು ಎಲ್ಲ ಭಿಕ್ಖುಗಳೂ ಕೇಳಿಸಿಕೊಂಡರು, ಒಪ್ಪಿದ ಮೇಲೆ ಒಟ್ಟಿಗೆ ಪಠಿಸಿದರು. ಕಂಪನಿಯ ವಹಿಯನ್ನು ಹಾಗೆ ಎಲ್ಲರ ಮುಂದೆ ಓದಿ ಹೇಳುವವರಿಲ್ಲ.

ಆದ್ದರಿಂದ ಮಕ್ಕಳಿಗೆ ನಾನು ಹೇಳುವುದು, ಆ್ಯಪ್‌ನ ಸೆಟ್ಟಿಂಗ್‌ಗೆ ಹೋಗಿ ಅದು ಏನೇನು ಬರೆದಿಟ್ಟಿದೆ ನೋಡಿ, ಬೇಡದ್ದನ್ನು ಅಳಿಸಿ. ನಮ್ಮ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಪ್ರಮಾಣಪತ್ರ ತಹಶೀಲ್ದಾರ್ ಕಚೇರಿಯಲ್ಲಿರಲಿ, ಬಾಡಿಗೆ ಕೋಣೆಯ ಮಾತಿನಲ್ಲಿ ಅದಕ್ಕೇನು ಕೆಲಸ?

ಇನ್ನು ಉಳಿಯಬೇಕಾದ ನೆನಪು. 1920ರಲ್ಲಿ ಕೊಲ್ಹಾಪುರ ಸೀಮೆಯ ಮಾಣಗಾಂವದಲ್ಲಿ ಶಾಹೂ ಮಹಾರಾಜರು, ಬಾಬಾಸಾಹೇಬರು ಒಂದೇ ವೇದಿಕೆಯಲ್ಲಿದ್ದರು. 1925ರಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು. ಇಷ್ಟು ಪುಸ್ತಕದಲ್ಲಿದೆ, ಯಂತ್ರವೂ ಹೇಳಬಹುದು. ಆದರೆ ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆಯಿಂದ ಯಾರು ನಡೆದು ಹೋದರು, ಬುತ್ತಿ ಕಟ್ಟಿಕೊಟ್ಟ ತಾಯಂದಿರು ಯಾರು, ಮರಳಿ ಬಂದ ಮೇಲೆ ಊರಲ್ಲಿ ಏನಾಯಿತು? ಅಂಥ ಮಾತು ಉಳಿದಿದ್ದರೆ ಮೊಮ್ಮಕ್ಕಳ ಬಾಯಲ್ಲಿ ಉಳಿದಿರಬೇಕು, ಅವರೂ ಈಗ ಮುದುಕರಾಗಿದ್ದಾರೆ.

ಬರುವ ರವಿವಾರ ವಿಹಾರಕ್ಕೆ ಬರುವಾಗ ಮನೆಯ ಹಿರಿಯರನ್ನು ಕರೆತನ್ನಿ. ಮೊಬೈಲಿನಲ್ಲಿ ಧ್ವನಿ ಹಿಡಿಯೋಣ. ಹಿಡಿಯುವ ಮೊದಲು ಅವರನ್ನೇ ಕೇಳೋಣ: ಅಜ್ಜಾ, ಇದರಲ್ಲಿ ಯಾವುದನ್ನು ಇಡೋಣ, ಯಾವುದು ಬೇಡ?

ಜೈ ಭೀಮ್.