ಕಾದಿದವನು, ಕಾದವನು

ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಒಂದು ಸಂಜೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಅಲ್ಲಿಯೇ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು, ಪಾವಗಡದ ಶಿಕ್ಷಕಿ, ಕುರಿಮಂದೆ ಹೊಡೆದುಕೊಂಡು ಶಿರಾ ಕಡೆಯಿಂದ ಬಂದಿದ್ದ ಗೊಲ್ಲರಹಟ್ಟಿಯ ಹಿರಿಯರು ಬಂಡೆಯ ಮೇಲೆ ಕೂತಿದ್ದರು.

ಶಿಕ್ಷಕಿ: ‘ಯೋಧ’ ಪದಕ್ಕೆ ಅರ್ಥ ಬರೆಯಿರಿ ಅಂತ ಕೊಟ್ಟಿದ್ದೆ. ಒಬ್ಬ ಹುಡುಗ ‘ಕಾಯೋನು’ ಅಂತ ಬರೆದಿದ್ದಾನೆ. ಅಂಕ ಕಳೆದೆ. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಮೇಷ್ಟ್ರು: ಕಳೆದದ್ದು ಸರಿ. ಯುದ್ಧ, ಯೋಧ, ಆಯುಧ ಎಲ್ಲವೂ ಯುಧ್ ಧಾತುವಿನ ಮಕ್ಕಳು. ಅಯೋಧ್ಯೆ ಅಂದರೂ ಯಾರೂ ಕಾದಿ ಗೆಲ್ಲಲಾಗದ ಊರು. ಯೋಧ ಅಂದರೆ ಕಾದುವವನು. ಕಾಯುವವನಲ್ಲ.

ಶಿಕ್ಷಕಿ: ಕಾದುವವನು, ಕಾಯುವವನು. ಒಂದಕ್ಷರ ತಪ್ಪಿದ, ಅಷ್ಟೇ ತಾನೆ?

ಮೇಷ್ಟ್ರು: ಹಳಗನ್ನಡದಲ್ಲಿ ಅವು ಎರಡು ಕ್ರಿಯಾಪದ. ‘ಕಾದು’ ಅಂದರೆ ಹೋರಾಡು. ಆದದ್ದನ್ನು ಹೇಳುವಾಗ ಕಾದಿದನು. ‘ಕಾಯ್’ ಅಂದರೆ ರಕ್ಷಿಸು, ಆಗ ಕಾದನು. ನಡುವೆ ಇರೋದು ಒಂದು ‘ದಿ’. ಅದನ್ನು ಬಿಟ್ಟುಕೊಡೋಕೆ ನನಗೆ ಮನಸ್ಸಿಲ್ಲ.

ಹಿರಿಯರು: ನಮ್ಮ ಕಡೆ ಹೊಲದ ಬದುವಿನಾಗೆ ಒಂದು ವೀರಗಲ್ಲು ಐತೆ ಸ್ವಾಮಿ. ಕೆಳಗೆ ದನ, ದನದ ಮುಂದೆ ಅವನು ನಿಂತವ್ನೆ. ಕಾದ್ನೋ, ಕಾದಿದ್ನೋ, ಕಲ್ಲು ನೋಡಿದ್ರೆ ಹೆಂಗೆ ಗೊತ್ತಾಗ್ತೈತೆ?

ಮೇಷ್ಟ್ರು: ಅದು ತುರುಗೋಳಿನ ಕಲ್ಲು, ದನ ಹೊಡೆದೊಯ್ಯಲು ಬಂದವರ ಜೊತೆಗಿನ ಕಾಳಗದ್ದು. ಕೆಳಗೆ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಇಂಥ ಶಾಸನಗಳಲ್ಲಿ ಹಲವರನ್ನು ಇರಿದ ಅಂತಲೂ ಇರುತ್ತೆ. ಆದರೆ ತುರು ಮರಳಿಸಿದ ಅನ್ನೋ ಮಾತಿಗೇ ಅಲ್ಲಿ ತೂಕ.

ಶಿಕ್ಷಕಿ: ಹಾಗಾದರೆ ದನ ಹೊಡೆಯಲು ಬಂದವನು? ಅವನೂ ಕಾದಿದ. ಅವನ ಊರಿಗೆ ಅವನೇ ಕಲಿ.

ಮೇಷ್ಟ್ರು: ಅದಕ್ಕೇ ನಾನು ಹಟ ಹಿಡಿದಿರೋದು ತಾಯಿ. ಯೋಧ ಅನ್ನೋ ಪದ ಕಾದಿದ ಅಂತ ಮಾತ್ರ ಹೇಳುತ್ತೆ; ಸರಿಯೋ ತಪ್ಪೋ ಹೇಳೋದಿಲ್ಲ. ಆ ಮೌನ ನನಗೆ ಬೇಕು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಜೊತೆ ಶಿರಾಕ್ಕೆ ನುಗ್ಗಿದವರೂ ಯೋಧರೇ, ಕಸ್ತೂರಿ ರಂಗಪ್ಪ ನಾಯಕನ ಕಡೆ ನಿಂತವರೂ ಯೋಧರೇ. ಆಮೇಲೆ ಮೊಗಲರು, ಮರಾಠರು, 1761ರಲ್ಲಿ ಹೈದರ್. ಕಾಯುವವನು ಅನ್ನೋ ಹೆಸರನ್ನು ಕತ್ತಿ ಹಿಡಿದವನಿಗೆಲ್ಲ ಕೊಟ್ಟುಬಿಟ್ಟರೆ, ಅವನನ್ನು ಪ್ರಶ್ನೆ ಕೇಳುವವರು ಯಾರು?

ಶಿಕ್ಷಕಿ: ಹೆಸರು ಕೊಡುವವರು ಯಾರು ಅಂತಲೂ ಕೇಳಬೇಕಲ್ಲ. 2020ರಲ್ಲಿ ಆಶಾ ಕಾರ್ಯಕರ್ತೆಯರನ್ನು ‘ಕೊರೊನಾ ಯೋಧರು’ ಅಂದೆವು, ಚಪ್ಪಾಳೆ ತಟ್ಟಿದೆವು. 2025ರ ಜನವರಿಯಲ್ಲಿ ಅವರೇ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಮನೆಮನೆಗೆ ನಡೆದಿದ್ದ ಅವೇ ಕಾಲುಗಳು. ಆಗ ಯೋಧರು ಅನ್ನೋ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮೇಷ್ಟ್ರು: ಹೋರಾಟಗಾರ್ತಿಯರು ಅನ್ನು. ಅದೇನೂ ಸಣ್ಣ ಪದವಲ್ಲ. ಹೋರು ಅಂದರೆ ಹಳೆಯ ‘ಪೋರ್’. ತಮಿಳರಿಗೆ ‘ಪೋರ್’ ಇಂದಿಗೂ ಯುದ್ಧವೇ. ನಮ್ಮಲ್ಲಿ ಪಾಲು ಹಾಲಾದ ಹಾಗೆ ಪೋರು ಹೋರಾಯಿತು, ಹಾಗೇ ನಡೆಯುತ್ತಾ ಕೈಯಿಂದ ಕತ್ತಿಯೂ ಜಾರಿತು. ಈಗ ಹೋರಾಟಗಾರ ಅಂದರೆ ಮನವಿಪತ್ರ ಹಿಡಿದು ಬಿಸಿಲಲ್ಲಿ ನಿಂತವನು. ಕನ್ನಡ ಮಾಡಿದ ದೊಡ್ಡ ಕೆಲಸ ಅದು. ಭದ್ರಾ ಮೇಲ್ದಂಡೆ ನೀರಿಗಾಗಿ ನಿಮ್ಮ ಪಾವಗಡದವರು ಎಷ್ಟು ವರ್ಷದಿಂದ ನಿಂತಿದ್ದಾರೆ!

ಹಿರಿಯರು: ನೀರು ಬರ್ತೈತೆ ಅಂತ ಕಾಯ್ತಾ ಅವ್ರೆ. ಅದೂ ಕಾಯೋದೇ ಅಲ್ವಾ?

ಇಬ್ಬರೂ ಅವರತ್ತ ತಿರುಗಿದರು.

ಹಿರಿಯರು: ನಮ್ಮ ಜುಂಜಪ್ಪ ದೊಡ್ಡ ವೀರ. ಅವನೂ ದನ ಕಾದೋನೇ. ಅವನ ಕತೆ ಹಾಡೋವಾಗ ಗಣೆ ಊದ್ತಾರೆ, ರಣಕಹಳೆ ಅಲ್ಲ. ನಾನು ರಾತ್ರಿ ರೊಪ್ಪದ ಬಾಗ್ಲಾಗೆ ಮಲಗ್ತೀನಿ. ಚಿರತೆ ಬಂದ್ರೆ ದೊಣ್ಣೆ ತಗೊಂಡು ಏಳ್ತೀನಿ. ಬರ್ಲಿಲ್ಲ ಅಂದ್ರೆ ಸುಮ್ನೆ ಬೆಳಗಾಗ್ತೈತೆ. ಇಷ್ಟು ವರ್ಷದಾಗೆ ಬಂದ ರಾತ್ರಿ ನಾಕೋ ಐದೋ. ಮಿಕ್ಕ ರಾತ್ರಿ ನಾನು ಕಾದಿಲ್ಲ ಅಂತೀರಾ? ಆ ರಾತ್ರಿಗೆ ಕಲ್ಲು ಯಾರು ನಿಲ್ಲಿಸ್ತಾರೆ?

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.

ಮೇಷ್ಟ್ರು: ಕಾದಿದ್ದೀರಿ. ಆದರೆ ಆ ರಾತ್ರಿ ನೀವು ಯೋಧರಲ್ಲ.

ಹಿರಿಯರು: ಆಗದಿದ್ರೇನೇ ಚಂದ. ಕುರಿಗಳೂ ನಿದ್ದೆ ಮಾಡ್ತವೆ.

ಶಿಕ್ಷಕಿ: ಅಂಕ ವಾಪಸು ಕೊಡಲೇ ಮೇಷ್ಟ್ರೇ?

ಮೇಷ್ಟ್ರು: ಮೊದಲು ಆ ಹುಡುಗನನ್ನು ಕರೆದು ಕೇಳು, ಯಾಕೆ ಹಾಗೆ ಬರೆದೆ ಅಂತ. ಅವನ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದಾರೋ, ಕುರಿ ಕಾಯುತ್ತಾರೋ. ನಾನು ನಲವತ್ತು ವರ್ಷ ಪಾಠ ಮಾಡಿದೆ. ತಪ್ಪು ಬರೆದ ಒಬ್ಬ ಮಗುವನ್ನೂ ಹಾಗೆ ಕೇಳಲಿಲ್ಲ.

ಹಿರಿಯರು ಕಂಬಳಿ ಹೆಗಲಿಗೇರಿಸಿ ಎದ್ದರು. ಹೊತ್ತಾಯಿತು, ಮರಿಗಳು ಕಾಯ್ತಾ ಇರ್ತವೆ ಅಂದರು. ಶಿಕ್ಷಕಿ ಅವರು ಕೂತಿದ್ದ ಜಾಗಕ್ಕೆ ಕೈ ಊರಿ ಏಳಹೋದಳು. ಬಂಡೆ ಇನ್ನೂ ಕಾದಿತ್ತು.