ಅರಿಷಿಣ, ತಂತಿ, ನದಿ: ಗಡಿಯ ಮಗು ಕಲಿಯುವುದೇನು?

ಐದನೆಯ ತರಗತಿಯವರೆಗೆ ನದಿ, ಬೆಳೆ, ಊರು, ಇತಿಹಾಸ ಎಲ್ಲವೂ ಮಗುವಿಗೆ ‘ಪರಿಸರ’ ಎಂಬ ಒಂದೇ ಚೀಲದೊಳಗೆ ಇರುತ್ತವೆ. ಆರನೆಯ ತರಗತಿಗೆ ಕಾಲಿಟ್ಟೊಡನೆ ಅದೇ ಜಗತ್ತು ವೇಳಾಪಟ್ಟಿಯ ಮನೆಗಳಲ್ಲಿ ಹಂಚಿಹೋಗುತ್ತದೆ. ಗಂಟೆ ಬಾರಿಸಿದರೆ ವಿಜ್ಞಾನ ಮುಚ್ಚುತ್ತದೆ, ಇತಿಹಾಸ ತೆರೆಯುತ್ತದೆ. ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಯ ಮಗುವಿಗಂತೂ ಇದರ ಮೇಲೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳ ಹೊರೆ. ಇಷ್ಟನ್ನೂ ಓದುವ ಮಗು ಒಂದೊಂದು ವಿಷಯದೊಳಗೆ ಏನು ಕಲಿಯಿತೆಂಬುದನ್ನು ಪರೀಕ್ಷೆ ಹೇಳುತ್ತದೆ. ವಿಷಯ ವಿಷಯಗಳ ನಡುವೆ ಏನು ಕಲಿಯಿತು? ಆ ಕಲಿಕೆ ಕನ್ನಡದಲ್ಲಿಯೇ ಆಗಲಿ ಎಂದು ಕೇಳುವ ಅಧಿಕಾರ ಸಂಘದವರಾದ ನಮಗೆ ಎಷ್ಟರಮಟ್ಟಿಗೆ ಇದೆ?

ಮೊದಲು ಅರಿಷಿಣವನ್ನೇ ನೋಡೋಣ. ಸಾಂಗಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಭೂಗೋಳದಲ್ಲಿ ಅದು ಬೆಳೆ ಮತ್ತು ಪೇಟೆ. ವಿಜ್ಞಾನದಲ್ಲಿ ಅದೇ ಅರಿಷಿಣ ಆಮ್ಲ–ಪ್ರತ್ಯಾಮ್ಲಗಳನ್ನು ಗುರುತಿಸುವ ಸೂಚಕ: ಅರಿಷಿಣದ ಕಾಗದಕ್ಕೆ ಸಾಬೂನಿನ ನೀರು ತಾಗಿದರೆ ಕೆಂಪೇರುತ್ತದೆ, ಲಿಂಬೆಯ ರಸಕ್ಕೆ ಹಳದಿಯಾಗಿಯೇ ಉಳಿಯುತ್ತದೆ. ಸಾರಿನ ಕಲೆ ಬಿದ್ದ ಬಟ್ಟೆಗೆ ಸಾಬೂನು ಹಚ್ಚಿದಾಗ ಅದು ಕೆಂಪಾಗುವುದನ್ನು ನಮ್ಮ ತಾಯಂದಿರು ಯಾವ ಪುಸ್ತಕವಿಲ್ಲದೆ ಬಲ್ಲರು. ‘ಪ್ರತ್ಯಾಮ್ಲ’ ಎಂಬ ಶಬ್ದ ಅಡುಗೆಮನೆಯ ಆ ಕಲೆಗೆ ತಾಗಿದ ಕ್ಷಣದಲ್ಲಿ ಮಾತ್ರ ಮಗುವಿಗೆ ಅದು ಶಬ್ದವಾಗಿ ಉಳಿಯದೆ ಅರಿವಾಗುತ್ತದೆ. ಮನೆಯ ಭಾಷೆಯ ಬೆಲೆ ಇಲ್ಲಿದೆ ಎಂದು ನಾವು ತಿಳಿಯುತ್ತೇವೆ. ತಾಯಿ ಹೇಳುವುದಕ್ಕೂ ಗುರು ಹೇಳುವುದಕ್ಕೂ ಮಧ್ಯೆ ಅನುವಾದದ ತಡೆಯಿಲ್ಲದಿದ್ದರೆ ಮಗು ಎರಡನ್ನೂ ಬೇಗ ಜೋಡಿಸುತ್ತದೆ.

ಮಿರಜದ ತಂತಿವಾದ್ಯಗಳ ಕೀರ್ತಿಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಇಲ್ಲಿಯ ಸಿತಾರ ಮತ್ತು ತಂಬೂರಿಗಳಿಗೂ 2024ರಲ್ಲಿ ಅದೇ ಮಾನ್ಯತೆ ಬಂತು. ಆದರೆ ತಂಬೂರಿ ಗಣಿತದ ಉಪಕರಣವೂ ಹೌದೆಂಬುದನ್ನು ನಾವು ಮಕ್ಕಳಿಗೆ ಹೇಳುವುದು ಅಪರೂಪ. ತೊಂಬತ್ತು ಸೆಂಟಿಮೀಟರಿನ ತಂತಿಯನ್ನು ನಲವತ್ತೈದಕ್ಕೆ ಒತ್ತಿ ಹಿಡಿದು ಮೀಟಿದರೆ ತಾರ ಷಡ್ಜ. ಅರುವತ್ತಕ್ಕೆ ಹಿಡಿದರೆ ಪಂಚಮ. ಅರ್ಧ, ಮೂರರಲ್ಲಿ ಎರಡು ಎಂಬ ಭಿನ್ನರಾಶಿಗಳು ಕಿವಿಗೆ ಕೇಳಿಸುವ ಸ್ಥಳವದು. ಸಾಂಗಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಹೀಗೆಯೇ ಲೆಕ್ಕಕ್ಕೆ ತರಲು ಹೊರಟು, 1910ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದರು. ಅವರ ಪ್ರಯೋಗಗಳಿಗೆ ಕಂಠವಾದವರು ಮುಂದೆ ಮಿರಜವನ್ನೇ ಮನೆ ಮಾಡಿಕೊಂಡ ಉಸ್ತಾದ ಅಬ್ದುಲ್ ಕರೀಮ್ ಖಾನರು. ಕಂದಾಯದ ಲೆಕ್ಕ ಬರೆದ ಕೈ ಸ್ವರದ ಲೆಕ್ಕವನ್ನೂ ಬರೆಯಿತು. ಖಾನ್ ಸಾಹೇಬರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಗಣಿತ, ಸಂಗೀತ, ಇತಿಹಾಸ ಮೂರೂ ಈ ಒಂದೇ ಊರಿನಲ್ಲಿ ಹಾಸುಹೊಕ್ಕಾಗಿರುವಾಗ ವೇಳಾಪಟ್ಟಿಯೊಂದೇ ಅವುಗಳನ್ನು ಬೇರೆ ಮಾಡಿದೆ.

ಆದರೂ ಈ ಎರಡು ಉದಾಹರಣೆಗಳು ಸುಲಭದವು. ಅವುಗಳಿಂದ ಯಾರ ಮನಸ್ಸೂ ನೋಯುವುದಿಲ್ಲ. ನದಿಯ ಮಾತು ಹಾಗಲ್ಲ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಪುಲಿನ ಬಳಿ ಕೃಷ್ಣೆ 57 ಅಡಿ ದಾಟಿದಳು. ಅಪಾಯದ ಮಟ್ಟ 45 ಅಡಿ. ಆಲಮಟ್ಟಿಯ ಬಾಗಿಲು ತೆರೆಯಲಿಲ್ಲವೆಂದು ಇಲ್ಲಿಯವರು, ಕೊಯ್ನಾದ ನೀರು ಒಮ್ಮೆಲೇ ಬಿಟ್ಟರೆಂದು ಅಲ್ಲಿಯವರು. ಎರಡೂ ಕಡೆ ಬಂಧುಗಳಿರುವ ನಮ್ಮಂಥವರು ಎರಡನ್ನೂ ಕೇಳಿಸಿಕೊಂಡೆವು. ಏಳನೆಯ ತರಗತಿಯ ಮಗುವಿಗೆ ಇಲ್ಲೊಂದು ಲೆಕ್ಕವಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು, ಒಂದು ದಿನದಲ್ಲಿ ಹರಿದುಹೋಗಲು ಎಷ್ಟು ಕ್ಯೂಸೆಕ್ ಬೇಕು? ಭಾಗಿಸಿದರೆ ಸುಮಾರು 11,574. ಈ ಗುಣಾಕಾರ–ಭಾಗಾಕಾರ ಬಲ್ಲ ಮಗು ನದಿಯ ಸುದ್ದಿಯನ್ನು ಬೇರೆ ರೀತಿಯಲ್ಲಿ ಓದುತ್ತದೆ. ಎಷ್ಟು ನೀರು ಬಂತು, ಎಷ್ಟು ಹೋಯಿತು, ಮಧ್ಯದ ಹಳ್ಳಕೊಳ್ಳಗಳು ಎಷ್ಟು ಸೇರಿಸಿದವು ಎಂದು ಕೇಳುತ್ತದೆ. ಲೆಕ್ಕವು ಜಗಳವನ್ನು ಮುಗಿಸದಿರಬಹುದು. ಆದರೆ ತನ್ನ ದಂಡೆಗೆ ಕೇಳುವ ಪ್ರಶ್ನೆಯನ್ನೇ ಆಚೆ ದಂಡೆಗೂ ಕೇಳುವುದನ್ನು ಅದು ಕಲಿಸುತ್ತದೆ. ನಾಗರಿಕಶಾಸ್ತ್ರದ ಪುಸ್ತಕ ‘ನ್ಯಾಯ’ ಎನ್ನುವುದು ಇದನ್ನೇ, ಬೇರೊಂದು ಗಂಟೆಯಲ್ಲಿ.

ಇತಿಹಾಸದ ಪುಸ್ತಕದ ‘ನಾವು’ ಯಾರು? ಪುಣೆಯ ಬಾಲಭಾರತಿ ಸಂಸ್ಥೆ ಪಠ್ಯಪುಸ್ತಕಗಳನ್ನು ಹೊರತರುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ಜತ್ತದ ಮಗು ‘ನಮ್ಮ ಮಹಾರಾಷ್ಟ್ರ’ ಎಂದು ಕನ್ನಡದಲ್ಲಿ ಓದುತ್ತದೆ. ಕೆಲವೇ ಹರದಾರಿ ಆಚೆ ಅಥಣಿಯ ಮಗು ‘ನಮ್ಮ ಕರ್ನಾಟಕ’ ಎಂದು ಓದುತ್ತದೆ. ಎರಡೂ ನಿಜ. ವೇರೂಳಿನ ಕೈಲಾಸ ದೇವಾಲಯ ಇರುವುದು ಮಹಾರಾಷ್ಟ್ರದಲ್ಲಿ. ಅದನ್ನು ಕೊರೆಸಿದ ರಾಷ್ಟ್ರಕೂಟರ ಮಾನ್ಯಖೇಟ ಇರುವುದು ಕಲಬುರಗಿ ಜಿಲ್ಲೆಯಲ್ಲಿ. ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆ ಕನ್ನಡ ಸೀಮೆಯಿಂದ ಬಂದ ಭಾಗವತರ ಮೇಳ. ಇದನ್ನು ‘ನಾವು ಕೊಟ್ಟೆವು’ ಎಂದು ವೇದಿಕೆಯ ಮೇಲೆ ಘೋಷಿಸುವ ಚಪಲ ನಮ್ಮವರಿಗುಂಟು. ಮಗು ಅದರಿಂದ ಕಲಿಯಬೇಕಾದುದು ಕೊಟ್ಟವರ ಹೆಮ್ಮೆಯನ್ನಲ್ಲ, ನೋಡಿ ಕಲಿತವರ ಜಾಣತನವನ್ನು ಎಂದು ನಮಗೆ ತೋರುತ್ತದೆ.

ಭಾಷೆಗಳ ನಡುವೆ ಓಡಾಡುವ ಮಗುವಿಗೆ ಇನ್ನೊಂದು ಲಾಭವಿದೆ. ಹಿಂದಿಯಲ್ಲಿ ‘ಅವಸರ’ವೆಂದರೆ ಸದವಕಾಶ, ಕನ್ನಡದಲ್ಲಿ ಗಡಿಬಿಡಿ. ಹಿಂದಿಯ ‘ಉಪನ್ಯಾಸ’ ಕಾದಂಬರಿ; ನಮ್ಮದು ಭಾಷಣ, ಕೆಲವೊಮ್ಮೆ ಕಾದಂಬರಿಯಷ್ಟೇ ಉದ್ದದ್ದು. ಶಬ್ದ ಬೇರೆ, ಅರ್ಥ ಬೇರೆ ಎಂಬ ತತ್ತ್ವವನ್ನು ಈ ಮಗು ಆಟವಾಡುತ್ತಲೇ ಅರಿಯುತ್ತದೆ.

ಈಗ ಕಠಿಣ ಪ್ರಶ್ನೆಗೆ ಬರೋಣ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದರೆ ಎಂಟನೆಯ ತರಗತಿಯವರೆಗೂ ಅದು ನಡೆಯಲಿ ಎನ್ನುತ್ತದೆ. ಆದರೆ ಜತ್ತದ ಒಣಭೂಮಿಯ ರೈತ ಮಗಳನ್ನು ಯಾವ ಶಾಲೆಗೆ ಹಾಕಲಿ ಎಂದು ಯೋಚಿಸುವಾಗ ಅವನ ಕಣ್ಣ ಮುಂದೆ ಸಾಂಗಲಿಯ ಕಾಲೇಜು ಮತ್ತು ನೌಕರಿ ಇರುತ್ತವೆ. ಭಾಷೆ ಉಳಿಯಲೆಂದು ಮಗಳನ್ನು ಕನ್ನಡ ಶಾಲೆಗೆ ಕಳಿಸು ಎಂದು ಅವನಿಗೆ ಹೇಳುವುದು ನಮ್ಮ ಅಭಿಪ್ರಾಯದಲ್ಲಿ ಅನ್ಯಾಯ. ಮಗು ಭಾಷೆಯ ಸಾಲ ತೀರಿಸಲು ಹುಟ್ಟಿಲ್ಲ. ಕನ್ನಡದಲ್ಲಿ ಕಲಿತರೆ ಅವಳಿಗೆ ಅರಿಷಿಣವೂ ತಂತಿಯೂ ನದಿಯೂ ಚೆನ್ನಾಗಿ ತಿಳಿದಾವು ಎಂಬ ಮಾತನ್ನು ಮಾತ್ರ ನಾವು ಹೇಳಬಹುದು. ಅದೂ, ಮುಂದಿನ ದಾರಿಯಲ್ಲಿ ಅವಳು ಎಡವದಂತೆ ನೋಡಿಕೊಳ್ಳುವ ಹೊಣೆಯನ್ನು ಹೊತ್ತ ಮೇಲೆ.

ಎಡವುವ ಸ್ಥಳ ನಮಗೆ ಗೊತ್ತಿದೆ. ಕನ್ನಡದ ಭಿನ್ನರಾಶಿ ಮರಾಠಿಯಲ್ಲಿ ಅಪೂರ್ಣಾಂಕ, ಲಸಾಅ ಅಲ್ಲಿ ಲಸಾವಿ, ಪ್ರತ್ಯಾಮ್ಲ ಆಮ್ಲಾರಿ. ಕೋನ, ಆಮ್ಲ, ಸಮೀಕರಣ ಎರಡರಲ್ಲೂ ಒಂದೇ. ಆರರಿಂದ ಎಂಟರವರೆಗಿನ ಗಣಿತ, ವಿಜ್ಞಾನ, ಭೂಗೋಳಗಳ ಇಂಥ ಶಬ್ದಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಸಾಲಿನಲ್ಲಿ ಬರೆದರೆ ಒಂದು ಸಣ್ಣ ಹೊತ್ತಗೆಯಾದೀತು. ಮೂರನ್ನೂ ಬಲ್ಲ ನಿವೃತ್ತ ಶಿಕ್ಷಕರು ಸಂಘದಲ್ಲಿಯೇ ಇದ್ದಾರೆ. ಅಚ್ಚಿನ ಖರ್ಚು ಈ ಸ್ಮರಣ ಸಂಚಿಕೆಯದಕ್ಕಿಂತ ಕಡಿಮೆಯೇ ಆದೀತು.