ಆರನೆಯ ಕುದುರೆ

ನಮ್ಮೂರಿನ ದಂತವೈದ್ಯರೊಬ್ಬರ ವೇಟಿಂಗ್ ರೂಮಿನಲ್ಲಿ ಒಂದು ಚಿತ್ರ ತೂಗುಹಾಕಿತ್ತು. ಕಂದು ಬಂಡೆಗಳು, ನಡುನಡುವೆ ಹಿಮ, ಅಷ್ಟೇ. ಎರಡು ವರ್ಷ ಅದರೆದುರು ಕೂತು ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದ್ದೆ. ಒಂದು ದಿನ ಜೊತೆಗೆ ಬಂದಿದ್ದ ಏಳು ವರ್ಷದ ಮಗಳು, "ಅಪ್ಪಾ, ಅಲ್ಲಿ ಐದು ಕುದುರೆ ಇವೆ" ಎಂದಳು. ನಾನು ನಕ್ಕೆ. ಅವಳು ಎದ್ದುಹೋಗಿ ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. ಒಮ್ಮೆ ಕಂಡ ಮೇಲೆ ಮತ್ತೆ ಬರೀ ಬಂಡೆಯನ್ನು ನೋಡಲು ನನ್ನಿಂದಾಗಲಿಲ್ಲ!

ಆ ಚಿತ್ರ, 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬೆವ್ ಡೂಲಿಟಲ್ ಎಂಬಾಕೆ ರಚಿಸಿದ 'ಪಿಂಟೋಸ್'. ಮುದ್ರಿತ ಪ್ರತಿಗಳು ಹೊರಬಂದದ್ದು 1979ರಲ್ಲಿ. ಪಿಂಟೋ ಎಂದರೆ ಮೈಮೇಲೆ ದೊಡ್ಡ ಬಿಳಿ ಮಚ್ಚೆಗಳಿರುವ ಕುದುರೆ. ಕುದುರೆಯ ಕಂದು ಬಂಡೆಯಲ್ಲಿ, ಬಿಳಿ ಹಿಮದಲ್ಲಿ ಸೇರಿಹೋಗುತ್ತದೆ. ಆಕೆಯ 'ದಿ ಫಾರೆಸ್ಟ್ ಹ್ಯಾಸ್ ಐಸ್' ಎಂಬ ಚಿತ್ರದಲ್ಲಿ ಮೊದಲು ಕಾಣುವುದು ಕಾಡಿನಲ್ಲಿ ಸಾಗುವ ಒಬ್ಬ ಸವಾರ. ಸ್ವಲ್ಪ ಹಿಂದೆ ಸರಿದು ನೋಡಿದರೆ ಮರ, ಬಂಡೆಗಳಲ್ಲೆಲ್ಲ ಮನುಷ್ಯರ ಮುಖಗಳು!

ವಾದ ಬೆಳೆದಾಗ ನಾವು "ಎಲ್ಲಾ ಅವರವರ ದೃಷ್ಟಿ ಬಿಡಿ" ಎಂದು ಕೈತೊಳೆದುಕೊಳ್ಳುತ್ತೇವೆ. ಇದು ಪೂರ್ತಿ ನಿಜವೇ? ನನಗೆ ಕಾಣದಿದ್ದಾಗಲೂ ಆ ಐದು ಕುದುರೆಗಳು ಅಲ್ಲೇ ಇದ್ದವಲ್ಲ!

ಬಂಡೀಪುರದ ಹುಲಿ ನಮ್ಮ ಕಣ್ಣಿಗೆ ಕಿತ್ತಳೆ ಬಣ್ಣ. ಜಿಂಕೆಯ ಕಣ್ಣಿಗೆ ಕೆಂಪು ಹಸಿರುಗಳ ಭೇದ ಅಷ್ಟಾಗಿ ತಿಳಿಯದು. ಹುಲಿ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಅದು ಜಿಂಕೆಯ ತಪ್ಪಲ್ಲ, ಅದರ ಕಣ್ಣು ಇರುವುದೇ ಹಾಗೆ. ಆದರೆ ನನ್ನ ಕಣ್ಣಿಗೇನಾಗಿತ್ತು? ಕಾಣುವ ಶಕ್ತಿ ಇದ್ದೂ ಎರಡನೆಯ ಸಲ ನೋಡದಿರುವುದು ದೃಷ್ಟಿಭೇದವಲ್ಲ, ಉದಾಸೀನ.

ಇನ್ನೊಂದು ತಪ್ಪೂ ಇದೆ. ಅದು ಇಲ್ಲದ ಆರನೆಯ ಕುದುರೆಯನ್ನು ಕಾಣುವುದು.

ಆಗೆಲ್ಲ ಊರಿಗೆ ಫೋನ್ ಮಾಡುವುದೆಂದರೆ ನಿಮಿಷ ನಿಮಿಷಕ್ಕೂ ಡಾಲರ್ ಲೆಕ್ಕ. ಶನಿವಾರ ರಾತ್ರಿ ಇಲ್ಲಿಂದ ಮಾಡಿದರೆ ಅಲ್ಲಿ ಭಾನುವಾರ ಬೆಳಗ್ಗೆ. ಅಪ್ಪ "ಹುಷಾರಾಗಿದ್ದೀಯಾ? ಸರಿ, ಅಮ್ಮನಿಗೆ ಕೊಡ್ತೀನಿ" ಎಂದು ಮುಗಿಸುತ್ತಿದ್ದರು. ನನ್ನ ಮೇಲೆ ಅವರಿಗೆ ಅಕ್ಕರೆಯಿಲ್ಲವೆಂದು ತೀರ್ಮಾನಿಸಿದ್ದೆ. ಬರಬರುತ್ತಾ ನಾನೂ "ಅಮ್ಮನಿಗೆ ಕೊಡಿ" ಎಂದೇ ಶುರುಮಾಡತೊಡಗಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹೇಳಿದರು: ಪ್ರತಿ ಭಾನುವಾರ ಆರು ಗಂಟೆಗೇ ಸ್ನಾನ ಮುಗಿಸಿ, ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರಂತೆ. "ಅವನ ದುಡ್ಡು ಯಾಕೆ ದಂಡ, ಇರೋ ನಿಮಿಷ ನೀನು ಮಾತಾಡು" ಎನ್ನುತ್ತಿದ್ದರಂತೆ.

ಇದ್ದ ಪ್ರೀತಿಯನ್ನು ಕಾಣಲಿಲ್ಲ, ಇಲ್ಲದ ತಾತ್ಸಾರವನ್ನು ನಾನೇ ಬರೆದು ಸೇರಿಸಿದೆ. ಸಾವಿರಾರು ಮೈಲಿ ದೂರ ಬಂದ ಮಾತ್ರಕ್ಕೆ ಹಿಂದೆ ಸರಿದು ನೋಡಿದಂತಾಗುವುದಿಲ್ಲ.

ಗೋಡೆಯ ಮೇಲಿನ ಚಿತ್ರ ಎರಡು ವರ್ಷ ಬೇಕಾದರೂ ಕಾಯುತ್ತದೆ. ಮನುಷ್ಯರು ಕಾಯಲಾರರು. ನಮ್ಮ ಕೂಟದಲ್ಲೇ ಯಾರಾದರೂ ಮಾತಾಡಿಸದೆ ಹೋದರೆ "ಅಹಂಕಾರ" ಎಂದುಕೊಳ್ಳುವ ಮೊದಲು ಇನ್ನೊಮ್ಮೆ ನೋಡೋಣ. ಹಾಗೆ ನೋಡುವುದು ದೊಡ್ಡತನವೇನಲ್ಲ, ಕಣ್ಣಿದ್ದವರ ಕರ್ತವ್ಯ.